ಸತ್ಯಾನ್ವೇಷಿಯ ಕಣ್ಣು

ಪತ್ತೇದಾರಿ ಕಥೆಯೆಂದರೆ ವಿದ್ಯಾವಂತರಲ್ಲಿ ಕೆಲವರಿಗೆ ಒಂದು ಬಗೆಯ ಅನಾದರ. ಪ್ರಯಾಣದ ಬೇಸರ ಕಳೆಯುವುದಕ್ಕೆ ಅದು ತಕ್ಕದ್ದು, ಓದಿದ ಮೇಲೆ ಮರೆತರೂ ನಷ್ಟವಿಲ್ಲ ಎಂಬುದು ಅವರ ಅಭಿಪ್ರಾಯ. ನಾನು ಈ ಮಾತನ್ನು ಒಪ್ಪುವವನಲ್ಲ. ನವಲಗುಂದ ತಾಲ್ಲೂಕಿನ ನಮ್ಮ ಯಮನೂರಿನಂತಹ ಹಳ್ಳಿಗಳಲ್ಲಿ ಅನೇಕ ಹುಡುಗರಿಗೆ ಓದಿನ ರುಚಿ ಹತ್ತಿಸಿದವನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ನಾಲ್ಕನೆಯ ತರಗತಿಯವರೆಗೆ ಮಾತ್ರ ಶಾಲೆ ಕಂಡಿದ್ದ ನರಸಿಂಹಯ್ಯನವರು ನೂರಾರು ಕಾದಂಬರಿಗಳನ್ನು ಬರೆದರು. ರಟ್ಟು ಕಿತ್ತು, ಕೊನೆಯ ಹಾಳೆ ಹರಿದುಹೋಗುವವರೆಗೂ ಅವು ಕೈಯಿಂದ ಕೈಗೆ ದಾಟುತ್ತಿದ್ದವು.

ಪುಸ್ತಕದೊಳಗಿದ್ದ ಪತ್ತೇದಾರನು ಮುಂದೆ ದೂರದರ್ಶನದ ಪರದೆಗೆ ಬಂದನು. ಬಂಗಾಳಿ ಲೇಖಕ ಶರದಿಂದು ಬಂದ್ಯೋಪಾಧ್ಯಾಯರು 1932ರಿಂದ ಬರೆಯತೊಡಗಿದ ಬ್ಯೋಮಕೇಶ ಬಕ್ಷಿಯ ಕಥೆಗಳನ್ನು ಬಾಸು ಚಟರ್ಜಿಯವರು 1993ರಲ್ಲಿ ಹಿಂದಿ ಧಾರಾವಾಹಿಯಾಗಿಸಿದರು. ರಜಿತ್ ಕಪೂರರು ಬ್ಯೋಮಕೇಶನಾದರು. ನಮ್ಮ ಓಣಿಯಲ್ಲಿ ಆಗ ಪೆಟ್ಟಿಗೆಯಿದ್ದುದು ಒಂದೇ ಮನೆಯಲ್ಲಿ. ಹಿಂದಿ ಅರೆಬರೆ ತಿಳಿಯುತ್ತಿದ್ದವರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಧೋತರವುಟ್ಟು, ಗೆಳೆಯ ಅಜಿತನೊಡನೆ ಮೆಲ್ಲಗೆ ಮಾತಾಡುವ ಈ ಮನುಷ್ಯನಲ್ಲಿ ಹೊಡೆದಾಟವಿಲ್ಲ, ಆರ್ಭಟವಿಲ್ಲ. ತನ್ನನ್ನು ಪತ್ತೇದಾರನೆಂದು ಕರೆಯುವುದು ಅವನಿಗೆ ಹಿಡಿಸದು. ತಾನು 'ಸತ್ಯಾನ್ವೇಷಿ' ಎಂದೇ ಅವನು ಹೇಳಿಕೊಳ್ಳುತ್ತಾನೆ. ಆ ಹೆಸರಿನಲ್ಲಿ ಒಂದು ನೀತಿಯೇ ಅಡಗಿದೆ. ಕಳ್ಳನನ್ನು ಹಿಡಿಯಹೊರಟವನಿಗೆ ಯಾರಾದರೊಬ್ಬ ಕಳ್ಳ ಸಿಕ್ಕರೆ ಸಾಕು. ಸತ್ಯವನ್ನು ಅರಸುವವನಿಗೆ ಅಷ್ಟು ಸಾಲದು.

ಹಳೆಯ ಕಥೆಯನ್ನು ತೆರೆಗೆ ತರುವವರ ಮುಂದೆ ಎರಡು ದಾರಿಗಳಿವೆ. ಕಥೆಯ ಕಾಲವನ್ನು ಹಾಗೆಯೇ ಉಳಿಸಿಕೊಳ್ಳುವುದು ಒಂದು. ಬಾಸು ಚಟರ್ಜಿಯವರು ಹಿಡಿದದ್ದು ಇದನ್ನೇ. ಬ್ಯೋಮಕೇಶನ ಒಂದು ಕಥೆಯಲ್ಲಿ ಬೀದಿಯಲ್ಲಿ ನಡೆಯುವವರನ್ನು ಕೊಲ್ಲುವ ಆಯುಧ ಗ್ರಾಮೋಫೋನಿನ ಮುಳ್ಳು. ಗ್ರಾಮೋಫೋನೇ ಇಲ್ಲದ ಕಾಲಕ್ಕೆ ಆ ಕಥೆಯನ್ನು ಹೊತ್ತುತಂದರೆ ಅದರ ಜೀವವೇ ಹೋದೀತು. ಇಂಗ್ಲೆಂಡಿನಲ್ಲಿ 1984ರಿಂದ 1994ರವರೆಗೆ ಜೆರೆಮಿ ಬ್ರೆಟ್ ಅಭಿನಯಿಸಿದ ಷರ್ಲಾಕ್ ಹೋಮ್ಸ್, 1989ರಿಂದ 2013ರವರೆಗೆ ಡೇವಿಡ್ ಸುಷೆ ಅಭಿನಯಿಸಿದ ಅಗಾಥಾ ಕ್ರಿಸ್ಟಿಯವರ ಪ್ವಾರೋ, ಇವೆರಡೂ ಈ ದಾರಿಯಲ್ಲಿಯೇ ನಡೆದವು.

ಕಥೆಯನ್ನು ನಮ್ಮ ಕಾಲಕ್ಕೆ ತರುವುದು ಎರಡನೆಯ ದಾರಿ. 2010ರಲ್ಲಿ ಬಿಬಿಸಿ ಆರಂಭಿಸಿದ 'ಷರ್ಲಾಕ್' ಇದಕ್ಕೆ ಉತ್ತಮ ನಿದರ್ಶನ. ಆರ್ಥರ್ ಕಾನನ್ ಡಾಯ್ಲ್ 1887ರಲ್ಲಿ ಚಿತ್ರಿಸಿದ ವೈದ್ಯ ವಾಟ್ಸನ್ ಅಫ್ಘಾನಿಸ್ತಾನದ ಯುದ್ಧದಲ್ಲಿ ಗಾಯಗೊಂಡು ಮರಳಿದವನು. ನೂರಿಪ್ಪತ್ತು ವರ್ಷಗಳು ಕಳೆದರೂ ಹೊಸ ವಾಟ್ಸನ್ ಬಂದುದು ಅಫ್ಘಾನಿಸ್ತಾನದ ಯುದ್ಧದಿಂದಲೇ! ಮನುಷ್ಯಕುಲ ಎಷ್ಟು ಮುಂದೆ ಬಂದಿದೆಯೆಂದು ಯಾರಾದರೂ ಕೇಳಿದರೆ ಏನು ಹೇಳೋಣ? ಮೂಲದ ಇನ್ನೊಂದು ಕಾದಂಬರಿಯಲ್ಲಿ ಹೋಮ್ಸನು ವಾಟ್ಸನ್ನನ ಕೈಯಲ್ಲಿದ್ದ ಗಡಿಯಾರವನ್ನು ನೋಡುತ್ತಾನೆ. ಕೀಲಿ ಕೊಡುವ ರಂಧ್ರದ ಸುತ್ತ ಗೀರುಗಳಿವೆ. ಅದು ಕುಡಿತದಿಂದ ನಡುಗುವ ಕೈಯ ಗುರುತು. ಗಡಿಯಾರ ವಾಟ್ಸನ್ನನ ಅಣ್ಣನದು ಎಂದು ಅವನು ತರ್ಕಿಸುತ್ತಾನೆ. ಹೊಸ ಧಾರಾವಾಹಿಯಲ್ಲಿ ಗಡಿಯಾರದ ಸ್ಥಾನಕ್ಕೆ ಮೊಬೈಲ್ ಫೋನ್ ಬಂದಿದೆ; ಗೀರುಗಳು ಚಾರ್ಜರ್ ಚುಚ್ಚುವ ರಂಧ್ರದ ಸುತ್ತ ಇವೆ. ಇಲ್ಲಿಯೂ ಹೋಮ್ಸನು ಸೋದರನೆಂದೇ ಊಹಿಸುತ್ತಾನೆ. ಆದರೆ ಅದು ಸೋದರಿಯದು. ಎಂಥ ಜಾಣನ ಊಹೆಯೂ ಪರೀಕ್ಷೆಗೆ ಒಳಪಡಬೇಕು ಎಂಬ ಎಚ್ಚರ ಈ ಸಣ್ಣ ಬದಲಾವಣೆಯಲ್ಲಿದೆ.

ಪರದೆಯಲ್ಲಿ ಒಂದು ಅಪಾಯವೂ ಉಂಟು. ಓದುಗನು ಬೇಕೆಂದಾಗ ನಿಲ್ಲಬಹುದು, ಹತ್ತು ಪುಟ ಹಿಂದಕ್ಕೆ ಹೋಗಿ ಮತ್ತೆ ನೋಡಬಹುದು. ತೆರೆಯಲ್ಲಾದರೋ ನಾವು ಏನನ್ನು ನೋಡಬೇಕೆಂಬುದನ್ನು ಕ್ಯಾಮೆರಾ ನಿರ್ಧರಿಸುತ್ತದೆ. ಯಾರನ್ನು ಸಂಶಯಿಸಬೇಕೆಂಬುದನ್ನು ಹಿನ್ನೆಲೆಯ ಸಂಗೀತ ಸೂಚಿಸುತ್ತದೆ. ವೇಗವೇ ಮುಖ್ಯವಾದಾಗ ನೋಡುವವನು ಬೆರಗಾಗುತ್ತಾನೆಯೇ ಹೊರತು ಆಲೋಚಿಸುವುದಿಲ್ಲ. ಕಣ್ಣೆದುರಿಗೆ ಸುಳಿವನ್ನು ಇರಿಸಿ, ಯೋಚಿಸಲು ನಮಗೂ ಒಂದಿಷ್ಟು ಬಿಡುವು ಕೊಡುವ ರೂಪಾಂತರವೇ ಮೂಲಕ್ಕೆ ನಿಷ್ಠವಾದುದು. ಉಡುಪು, ವಾಹನ, ಊರು ಯಾವುದು ಬದಲಾದರೂ ಚಿಂತೆಯಿಲ್ಲ.

ಇದು ಕೇವಲ ವಿನೋದದ ಮಾತಲ್ಲ. ನಮ್ಮೂರು ಬೆಣ್ಣೆಹಳ್ಳದ ದಂಡೆಯಲ್ಲಿದೆ. ಇಲ್ಲಿಯ ರಾಜಾ ಬಾಗಸವಾರನಿಗೆ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುತ್ತಾರೆ. ಜಾತ್ರೆಗೆ ಬಂದವರು ಹಳ್ಳದಲ್ಲಿ ಮಿಂದು ದರ್ಶನಕ್ಕೆ ಹೋಗುತ್ತಾರೆ. ಒಂದು ವರ್ಷ ಜಾತ್ರೆಯಲ್ಲಿ ಮಗುವೊಂದರ ಬೆಳ್ಳಿಯ ಉಡಿದಾರ ಕಾಣೆಯಾಯಿತು. ಸಮೀಪದಲ್ಲಿ ಪುಗ್ಗೆ ಮಾರುತ್ತಿದ್ದ ಪರವೂರ ಹುಡುಗನ ಮೇಲೆ ಎಲ್ಲರ ಕಣ್ಣೂ ಬಿದ್ದಿತು. ಅವನ ಅಂಗಿ ಹರಕು, ಮಾತು ಬೇರೆ. ಜನರಿಗೆ ಅಷ್ಟೇ ಸಾಕ್ಷ್ಯವಾಯಿತು. ಅವನ ಕೊರಳಪಟ್ಟಿಗೆ ಕೈ ಬಿದ್ದಾಗ ಅಲ್ಲಿದ್ದ ಮುದುಕಿಯೊಬ್ಬಳು ಮಗುವಿನ ತಲೆ ನೇವರಿಸಿ, "ಕೂಸಿನ ತಲಿ ಇನ್ನೂ ಹಸೀನ ಐತಲ್ಲ, ಎಲ್ಲಿ ಎರದ್ರಿ?" ಎಂದು ಕೇಳಿದಳು. ಎರೆದ ಸ್ಥಳಕ್ಕೆ ಹೋಗಿ ಕೆಸರಿನಲ್ಲಿ ಕೈಯಾಡಿಸಿದಾಗ ಉಡಿದಾರ ಸಿಕ್ಕಿತು. ಮಗುವಿನ ಒದ್ದೆ ಕೂದಲು ಎಲ್ಲರಿಗೂ ಕಾಣುತ್ತಿತ್ತು. ಅದನ್ನು ನೋಡಿದವಳು ಅವಳೊಬ್ಬಳೇ. ಅವಳು ಒಂದು ಅಕ್ಷರವನ್ನೂ ಓದಿದವಳಲ್ಲ. ಆದರೂ ಅವಳನ್ನು ಸತ್ಯಾನ್ವೇಷಿಯೆಂದು ಕರೆಯಲು ನನಗೆ ಸಂಕೋಚವಿಲ್ಲ.

ಸಂಶಯಕ್ಕೆ ಶ್ರಮ ಬೇಕಿಲ್ಲ. ಅದು ಬಡವನ ಕಡೆಗೆ, ಪರಕೀಯನ ಕಡೆಗೆ ತಾನಾಗಿಯೇ ಹರಿಯುತ್ತದೆ. ಸಾಕ್ಷ್ಯಕ್ಕಾದರೋ ತಾಳ್ಮೆ ಬೇಕು, ನಿಷ್ಪಕ್ಷಪಾತವಾದ ಕಣ್ಣು ಬೇಕು. ಒಳ್ಳೆಯ ಪತ್ತೇದಾರಿ ಕಥೆ ಈ ಎರಡರ ಅಂತರವನ್ನು ಮನಗಾಣಿಸುತ್ತದೆ. ಅದು ಹರಿದ ಪುಸ್ತಕದಿಂದ ಬಂದರೇನು, ಬೆಳಗುವ ಪರದೆಯಿಂದ ಬಂದರೇನು? ಅದನ್ನು ಕಲಿತವನ ಎದುರಿನಲ್ಲಿ ನಿರಪರಾಧಿಯು ನಿರ್ಭಯನಾಗಿ ನಿಲ್ಲಬಲ್ಲನು.