ಎತ್ತಿದ ಬೆರಳು

ಸ್ಟುಟ್‌ಗಾರ್ಟ್,
ಫೆಬ್ರುವರಿಯ ಒಂದು ಭಾನುವಾರ

ಪ್ರೀತಿಯ ತಂಗಿಗೆ,

ನಿನ್ನೆ ಫೋನಿನಲ್ಲಿ ಒಂದೇ ಉಸಿರಿಗೆ ಆರೇಳು ಶಾಲೆಗಳ ಹೆಸರು ಹೇಳಿ, "ಇದ್ರಲ್ಲಿ ಯಾವ್ದು ಒಳ್ಳೇದು ಹೇಳಕ್ಕಾ" ಅಂದೆ. ಅಷ್ಟರಲ್ಲಿ ನಿನ್ನ ಕುಕ್ಕರ್ ಕೂಗಿತು, ಮಾತು ಅಲ್ಲಿಗೇ ನಿಂತಿತು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಇನ್ನೊಂದು ಪ್ರಶ್ನೆ: ನೀವು ಇಲ್ಲಿ ಎಷ್ಟು ವರ್ಷ ಇರುತ್ತೀರಿ?

"ಎರಡು ವರ್ಷ" ಅಂತ ತಕ್ಷಣ ಹೇಳಬೇಡ. ನಾವೂ ಎರಡು ವರ್ಷಕ್ಕೇ ಬಂದವರು. ಒಂಬತ್ತಾಯಿತು. ಅಮ್ಮ ಕೊಟ್ಟಿದ್ದ ಹಿತ್ತಾಳೆ ಪಾತ್ರೆಗಳ ಪೆಟ್ಟಿಗೆ, "ಹೇಗೂ ವಾಪಸ್ ಹೋಗೋದು, ಯಾಕೆ ಬಿಚ್ಚೋದು" ಅಂತ ನೆಲಮಾಳಿಗೆಯಲ್ಲಿ ಇಟ್ಟದ್ದು ಇವತ್ತಿಗೂ ಅಲ್ಲೇ ಇದೆ. ಪೆಟ್ಟಿಗೆಯನ್ನು ಹಾಗೆ ಇಡಬಹುದು, ಮಕ್ಕಳನ್ನು ಇಡಲಾಗುವುದಿಲ್ಲ. ನಾನು ಹಾಗೆ ಇಟ್ಟೆ. ಅದಕ್ಕೇ ಈ ಕಾಗದ.

ನಾವು ಬಂದಾಗ ದೊಡ್ಡವನಿಗೆ ಹತ್ತು ವರ್ಷ. ಕಂಪನಿ ಎರಡು ವರ್ಷ ಫೀಸು ಕೊಡುತ್ತದೆ ಅಂತಾದಾಗ ಕಣ್ಣು ಮುಚ್ಚಿ ಇಂಗ್ಲಿಷ್ ಮಾಧ್ಯಮದ ಇಂಟರ್‌ನ್ಯಾಷನಲ್ ಶಾಲೆಗೆ ಹಾಕಿದೆವು. ಶಾಲೆಯಲ್ಲಿ ತಪ್ಪೇನಿರಲಿಲ್ಲ. ಮಗು ಖುಷಿಯಾಗಿತ್ತು, ನಾನೂ ನಿಶ್ಚಿಂತೆಯಾಗಿದ್ದೆ. ಎರಡು ವರ್ಷ ಮುಗಿಯುವ ಹೊತ್ತಿಗೆ ನಿಮ್ಮ ಭಾವನ ಕೆಲಸ ಇಲ್ಲಿಯದೇ ಒಪ್ಪಂದಕ್ಕೆ ಬದಲಾಯಿತು, ಫೀಸು ನಮ್ಮ ತಲೆಗೆ ಬಂತು. ವರ್ಷಕ್ಕೆ ಇಪ್ಪತ್ತು ಸಾವಿರ ಯೂರೊ ಆಸುಪಾಸು ಎಲ್ಲಿಂದ ತರುವುದು? ಸರ್ಕಾರಿ ಶಾಲೆಗೆ ಫೀಸೇ ಇಲ್ಲ, ಆದರೆ ಅಲ್ಲಿ ಎಲ್ಲವೂ ಜರ್ಮನ್. ಈ ಊರಲ್ಲಿ ಎರಡು ವರ್ಷ ಕಳೆದ ಹುಡುಗನಿಗೆ ಬ್ರೆಡ್ ಅಂಗಡಿಯಲ್ಲಿ ಕೇಳುವಷ್ಟು ಜರ್ಮನ್ ಕೂಡ ಬರುತ್ತಿರಲಿಲ್ಲ. ಹೊಸ ಶಾಲೆಯ ಹಿಂದಿನ ರಾತ್ರಿ ಊಟದ ತಟ್ಟೆ ಪಕ್ಕಕ್ಕೆ ತಳ್ಳಿ, "ನೀವು ಎರಡು ವರ್ಷ ಅಂದಿದ್ರಿ" ಅಂದ. ಅಷ್ಟೇ ಅಂದದ್ದು. ನನಗೆ ಈಗಲೂ ಆ ತಟ್ಟೆ ಕಾಣುತ್ತದೆ.

ಹಾಗಾಗಿ ಲೆಕ್ಕ ಇಷ್ಟೇ. ನಿಜವಾಗಿಯೂ ಎರಡೇ ವರ್ಷ, ವಾಪಸ್ ಹೋಗುವ ದಿನವೂ ಗೊತ್ತು ಅನ್ನುವುದಾದರೆ ಇಂಗ್ಲಿಷ್ ಶಾಲೆಗೆ ಹಾಕು, ಯಾರ ಮಾತೂ ಕೇಳಬೇಡ. "ನೋಡೋಣ" ಅನ್ನುವ ಮಾತು ನಿಮ್ಮಿಬ್ಬರಲ್ಲಿ ಯಾರ ಬಾಯಲ್ಲಿ ಬಂದರೂ ಸರ್ಕಾರಿ ಶಾಲೆಗೇ ಹಾಕು, ಮೊದಲ ದಿನದಿಂದಲೇ.

ಈಗ ಇಲ್ಲಿಯ ಏರ್ಪಾಡು ಹೇಳುತ್ತೇನೆ. ಜರ್ಮನಿಯ ಹದಿನಾರು ರಾಜ್ಯಗಳಿಗೂ ಅವರವರದೇ ಶಾಲಾ ನಿಯಮ. ಮ್ಯೂನಿಕ್‌ನ ಗೆಳತಿ ಹೇಳಿದ್ದನ್ನು ನಮ್ಮ ಬಾಡೆನ್-ವುರ್ಟೆಂಬರ್ಗ್‌ಗೆ ಹಚ್ಚಬೇಡ. ಇಲ್ಲಿ ನಾಲ್ಕನೇ ತರಗತಿ ಮುಗಿಯುತ್ತಿದ್ದಂತೆ, ಮಗುವಿಗೆ ಹತ್ತು ವರ್ಷ ಆಗುವಾಗಲೇ ದಾರಿ ಕವಲೊಡೆಯುತ್ತದೆ. ಜಿಮ್ನಾಜಿಯುಮ್ ಅಂದರೆ ವ್ಯಾಯಾಮಶಾಲೆಯಲ್ಲ, ಆಬಿಟೂರ್ ಅನ್ನುವ ಕೊನೆಯ ಪರೀಕ್ಷೆಗೆ, ಅಲ್ಲಿಂದ ಯೂನಿವರ್ಸಿಟಿಗೆ ನೇರ ಕರೆದೊಯ್ಯುವ ಶಾಲೆ. ರೆಆಲ್‌ಶೂಲ ಹತ್ತನೇ ತರಗತಿಯವರೆಗೆ. ವೆರ್ಕ್‌ರೆಆಲ್‌ಶೂಲ ಕೆಲಸ ಕಲಿಯುವ ಕಡೆಗೆ ವಾಲಿದ್ದು. ಎಲ್ಲರನ್ನೂ ಒಟ್ಟಿಗೆ ಕೂರಿಸುವ ಗೆಮೈನ್‌ಶಾಫ್ಟ್‌ಶೂಲ ಅಂತ ಇನ್ನೊಂದಿದೆ.

ನಿನ್ನ ಚಿಕ್ಕವನು ಈಗ ಮೂರನೇ ಕ್ಲಾಸು. ಸೆಪ್ಟೆಂಬರಿಗೆ ನಾಲ್ಕಕ್ಕೆ ಸೇರಿದರೆ, ಭಾಷೆ ಬಾಯಿಗೆ ಬರುವ ಮೊದಲೇ ಈ ಕವಲಿಗೆ ಬಂದು ನಿಲ್ಲುತ್ತಾನೆ. ಈಗ ಜಿಮ್ನಾಜಿಯುಮ್‌ಗೆ ಹೋಗಲು ತಂದೆತಾಯಿಯ ಇಷ್ಟ, ಟೀಚರುಗಳ ಶಿಫಾರಸು, ನಾಲ್ಕನೇ ತರಗತಿಯಲ್ಲಿ ಜರ್ಮನ್ ಮತ್ತು ಗಣಿತದಲ್ಲಿ ನಡೆಯುವ 'ಕೊಂಪಾಸ್ 4' ಪರೀಕ್ಷೆ, ಈ ಮೂರರಲ್ಲಿ ಎರಡು ಒಂದೇ ದಿಕ್ಕು ತೋರಿಸಬೇಕು. ಇಲ್ಲದಿದ್ದರೆ ಇನ್ನೊಂದು ಪರೀಕ್ಷೆ. ಅದಕ್ಕೇ ಅವನನ್ನು ಮತ್ತೆ ಮೂರನೇ ಕ್ಲಾಸಿಗೇ ಸೇರಿಸಿಕೊಳ್ಳಿ ಅಂತ ಹೆಡ್ ಮೇಡಮ್ಮನ್ನು ಕೇಳು. "ಒಂದು ವರ್ಷ ವೇಸ್ಟ್ ಆಗಲ್ವಾ" ಅಂತ ನಿನ್ನ ಅತ್ತೆಯವರು ಅನ್ನಬಹುದು. ಇಲ್ಲಿ ಯಾರೂ ಹಾಗೆ ಎಣಿಸುವುದಿಲ್ಲ. ಜಿಮ್ನಾಜಿಯುಮ್ಮನ್ನೇ ಎಂಟು ವರ್ಷಕ್ಕೆ ಇಳಿಸಿದ್ದವರು, ಮಕ್ಕಳಿಗೆ ಉಸಿರಾಡಲು ಬಿಡುವಿಲ್ಲ ಅಂತ 2025–26ರಿಂದ ಮತ್ತೆ ಒಂಬತ್ತಕ್ಕೆ ತರುತ್ತಿದ್ದಾರೆ.

ನಿನ್ನ ಮಗಳು ಪುಟ್ಟಿಯದು ಬೇರೆ ಕತೆ. ಹನ್ನೆರಡು ವರ್ಷದವಳು ಕವಲು ದಾಟಿದ ಮೇಲೆ ಬರುತ್ತಿದ್ದಾಳೆ. ಅವಳನ್ನು ಮೊದಲು ಕೂರಿಸುವುದು ಹೊರಗಿನಿಂದ ಬಂದವರ ಭಾಷಾ ತರಗತಿಯಲ್ಲಿ. ಅದು ಹೆಚ್ಚಾಗಿ ವೆರ್ಕ್‌ರೆಆಲ್‌ಶೂಲ ಅಥವಾ ಗೆಮೈನ್‌ಶಾಫ್ಟ್‌ಶೂಲದಲ್ಲಿ ಇರುತ್ತದೆ, ಅಪರೂಪಕ್ಕೆ ಜಿಮ್ನಾಜಿಯುಮ್‌ನಲ್ಲಿ. ಕ್ಲಾಸಿಗೇ ಮೊದಲಿಗಳಾಗಿದ್ದವಳು ಸಿರಿಯಾ, ಉಕ್ರೇನ್‌ಗಳಿಂದ ಬಂದ ಮಕ್ಕಳ ಜೊತೆ ಕೂತು "ಇದು ಮೇಜು, ಇದು ಕುರ್ಚಿ" ಅನ್ನುವುದನ್ನು ನೋಡಿದಾಗ ನಿನ್ನ ಹೊಟ್ಟೆ ಚುರ್ ಅನ್ನುತ್ತದೆ. ತಡೆದುಕೋ. ಗಣಿತಕ್ಕೂ ಆಟಕ್ಕೂ ಮಾಮೂಲು ತರಗತಿಗೆ ಕಳಿಸಿ ಅಂತ ಮಾತ್ರ ಕೇಳುತ್ತಲೇ ಇರು. ಗಣಿತದಲ್ಲಿ ನಮ್ಮ ಮಕ್ಕಳು ಮೊದಲು ತಲೆ ಎತ್ತುತ್ತಾರೆ.

ನಮ್ಮವನು ಮೊದಲ ದಿನ ಹಾಗೆ ಗಣಿತಕ್ಕೆ ಹೋಗಿ ಸಂಜೆ ಗಾಬರಿಯಿಂದ ಬಂದ. "ಅಮ್ಮಾ, ಈ ಸ್ಕೂಲಲ್ಲಿ ಎಲ್ರಿಗೂ ಒಂದೇ ಸಲ ಒಂದಕ್ಕೆ ಬರತ್ತೆ!" ನಮ್ಮಲ್ಲಿ ಮಕ್ಕಳು ಬೆರಳು ಎತ್ತುವುದು ಒಂದಕ್ಕೆ ಹೋಗಲು ತಾನೇ? ಇಲ್ಲಿ ಉತ್ತರ ಗೊತ್ತಿದ್ದರೆ ಕೈ ಎತ್ತುವುದಿಲ್ಲ, ತೋರುಬೆರಳು ಎತ್ತುತ್ತಾರೆ. ಟೀಚರ್ ಪ್ರಶ್ನೆ ಕೇಳಿದಾಗ ಇಪ್ಪತ್ತೈದು ಬೆರಳು ಒಟ್ಟಿಗೆ ಮೇಲೆದ್ದಿದ್ದವು, ಇವನೊಬ್ಬ ಕೈಕಟ್ಟಿ ಕೂತಿದ್ದ. ನಕ್ಕೂ ನಕ್ಕೂ ಸಾಕಾಯಿತು ಅವತ್ತು. ನಗು ನಿಂತದ್ದು ಪೋಷಕರ ಸಭೆಯಲ್ಲಿ. "ನಿಮ್ಮ ಮಗ ತರಗತಿಯಲ್ಲಿ ತುಂಬ ಮೌನ" ಅಂದರು ಟೀಚರ್. ನಾನು ಹೆಮ್ಮೆಯಿಂದ ಥ್ಯಾಂಕ್ಸ್ ಹೇಳಿದೆ. ಅವರು ಪಾಪ, ದೂರು ಹೇಳುತ್ತಿದ್ದರು. ಇಲ್ಲಿ ಹಲವು ವಿಷಯಗಳಲ್ಲಿ ಅಂಕದ ದೊಡ್ಡ ಪಾಲು ತರಗತಿಯಲ್ಲಿ ಆಡುವ ಮಾತಿಗೆ. ಬಾಯಿಪಾಠದಲ್ಲಿ ಗಟ್ಟಿಯಾದರೂ ಬಾಯಿ ಬಿಡದಿದ್ದರೆ ಇಳಿಯುತ್ತಾರೆ. "ಎದುರು ಮಾತಾಡಬೇಡ" ಅಂತ ಬೆಳೆಸಿದ ಮಕ್ಕಳಿಗೆ ಜರ್ಮನ್ ವ್ಯಾಕರಣಕ್ಕಿಂತ ಇದೇ ಕಷ್ಟ. ಅಂಕವೂ ತಿರುಗುಮುರುಗು. ಒಂದು ಅಂದರೆ ಎಲ್ಲಕ್ಕಿಂತ ಒಳ್ಳೆಯದು, ಆರು ಅಂದರೆ ಫೇಲು. ಗಣಿತದಲ್ಲಿ ಮೊಮ್ಮಗನಿಗೆ ಒಂದು ಬಂತು ಅಂತ ಕೇಳಿ ಅಮ್ಮ ದೇವರಿಗೆ ಹರಕೆ ಹೊತ್ತಿದ್ದು ನಿನಗೇ ಗೊತ್ತಲ್ಲ.

ಅವನಿಗೆ ಜಿಮ್ನಾಜಿಯುಮ್ ಸಿಗಲಿಲ್ಲ, ರೆಆಲ್‌ಶೂಲಕ್ಕೆ ಹೋದ. ನಮ್ಮವರ ಉಗಾದಿ ಕೂಟದಲ್ಲಿ "ಮಗ ಯಾವ ಸ್ಕೂಲು?" ಅಂತ ಯಾರಾದರೂ ಕೇಳಿದರೆ ಹೋಳಿಗೆ ಬಡಿಸುವ ನೆಪದಲ್ಲಿ ಎದ್ದುಹೋಗುತ್ತಿದ್ದೆ. ಈಗ ನಾಚಿಕೆಯಾಗುತ್ತದೆ, ಅವನ ಶಾಲೆಗಲ್ಲ, ಅದನ್ನು ಮುಚ್ಚಿಟ್ಟದ್ದಕ್ಕೆ. ರೆಆಲ್‌ಶೂಲದಲ್ಲಿ ಹತ್ತನೇ ತರಗತಿ ಚೆನ್ನಾಗಿ ಮುಗಿಸಿದವರಿಗೆ ಮೂರು ವರ್ಷದ ವೃತ್ತಿಪರ ಜಿಮ್ನಾಜಿಯುಮ್ ಇದೆ. ತಾಂತ್ರಿಕ, ವಾಣಿಜ್ಯ, ಜೀವತಂತ್ರಜ್ಞಾನ ಹೀಗೆ ವಿಭಾಗಗಳು. ಕೊನೆಯಲ್ಲಿ ಅದೇ ಆಬಿಟೂರ್. ಅವನು ಮುಂದಿನ ವರ್ಷ ಅದಕ್ಕೆ ಕೂರುತ್ತಾನೆ. ಓದು ಬೇಡವಾದವರಿಗೆ ವಾರದಲ್ಲಿ ಮೂರು ನಾಲ್ಕು ದಿನ ಕಂಪನಿಯಲ್ಲಿ ಕೆಲಸ, ಉಳಿದ ದಿನ ಶಾಲೆ, ಕೈಗೆ ಸಂಬಳ. ನಮ್ಮವರು "ಐಟಿಐ ತಾನೇ" ಅಂತ ಮೂಗು ಮುರಿಯುವ ಈ ದಾರಿಗೆ ಇಲ್ಲಿ ಮರ್ಯಾದೆಯಿದೆ. ಇಲ್ಲಿಯ ಬಾಗಿಲುಗಳು ಬೇಗ ಮುಚ್ಚುತ್ತವೆ, ನಿಜ. ಆದರೆ ಹಿತ್ತಲ ಬಾಗಿಲು ಬಹಳ.

ವಾಪಸ್ ಹೋಗುವ ದಾರಿಯನ್ನೂ ತೆರೆದಿಡು. ನಮ್ಮ ಸಿಇಟಿಯ ಮುಖ್ಯ ನಿಯಮದಂತೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿ ನಡುವೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು, ಹತ್ತನೆಯದನ್ನೋ ಪಿಯುಸಿಯನ್ನೋ ಅಲ್ಲೇ ಪಾಸಾಗಿರಬೇಕು. ಪುಟ್ಟಿಗೆ ಮಾರ್ಚಿಗೆ ಆರು ವರ್ಷದ ಓದು ಆಗುತ್ತದೆ. ಪಿಯುಸಿಗೆ ಬಂದರೂ ಎಂಟಾಗುತ್ತದೆ, ಚಿಂತೆಯಿಲ್ಲ. ಚಿಕ್ಕವನಿಗೆ ಮೂರೇ. ಅವನ ಮಟ್ಟಿಗೆ ತಂದೆತಾಯಿಯ ಓದಿನ ಮೇಲೆ ಕೊಡುವ ಬೇರೆ ಕಲಮನ್ನು ನೋಡಬೇಕಾಗುತ್ತದೆ. ಏನೇ ಇರಲಿ, ಹೊರಡುವ ಮೊದಲು ಇಬ್ಬರದೂ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಹಾಕಿಸಿ ಇಟ್ಟುಕೋ. ಹತ್ತು ವರ್ಷದ ಮೇಲೆ ಅದಕ್ಕಾಗಿ ಅಲೆಯುವುದು ಬೇಡ.

ಸಾಧ್ಯವಾದರೆ ಪರೀಕ್ಷೆ ಮುಗಿದ ತಕ್ಷಣ ಏಪ್ರಿಲ್‌ನಲ್ಲೇ ಬನ್ನಿ. ಜುಲೈ ಕೊನೆಗೆ ಬೇಸಿಗೆ ರಜೆ ಶುರುವಾದರೆ ಸೆಪ್ಟೆಂಬರ್ ಮಧ್ಯದವರೆಗೆ ಶಾಲೆಯಿಲ್ಲ. ಅದಕ್ಕೆ ಮೊದಲು ಮೂರು ತಿಂಗಳು ಸಿಕ್ಕಿದರೆ ರಜೆಯಲ್ಲಿ ಕರೆದು ಆಡಲು ಒಬ್ಬಳಾದರೂ ಗೆಳತಿ ಇರುತ್ತಾಳೆ. ಮನೆ ನೋಡುವಾಗ ಶಾಲೆಗೆ ಮಕ್ಕಳು ತಾವೇ ಹೋಗಿಬರುವಷ್ಟು ದೂರದಲ್ಲಿ ನೋಡು. ಇನ್ನೊಂದು ವಿಷಯ. ಇಲ್ಲಿ ಶಾಲೆಗೆ ಹೋಗುವುದು ಕಾನೂನು. ಮೈದುನನ ಮದುವೆ ಅಂತ ವಾರ ಮೊದಲೇ ಹೊರಟರೆ ದಂಡ ಬೀಳಬಹುದು. ಮುಹೂರ್ತವನ್ನು ರಜೆಯಲ್ಲೇ ಇಡಿಸು.

"ಈ ವಯಸ್ಸಲ್ಲಿ ಹೊಸ ಭಾಷೆ ಬರತ್ತಾ?" ಅಂದೆಯಲ್ಲ. ಇಲ್ಲಿಂದ ರೈಲಿನಲ್ಲಿ ಒಂದು ಗಂಟೆ ದೂರದ ಟ್ಯೂಬಿಂಗನ್‌ನಲ್ಲಿ 1903ರಲ್ಲಿ ತೀರಿಕೊಂಡ ಕಿಟೆಲ್, ಇಪ್ಪತ್ತು ದಾಟಿದ ಮೇಲೆ ನಮ್ಮ ಸೀಮೆಗೆ ಬಂದು ಕನ್ನಡ ಕಲಿತವರು. 1894ರಲ್ಲಿ ನಮಗೇ ನಿಘಂಟು ಮಾಡಿಕೊಟ್ಟರು. ಹನ್ನೆರಡು ವರ್ಷದ ಪುಟ್ಟಿಗೆ ಬರದೇ ಇರುತ್ತದೆಯೇ? ಮನೆಯಲ್ಲಿ ಮಾತ್ರ ನೀನು ಜರ್ಮನ್ ಕಲಿಸಲು ಹೋಗಬೇಡ, ಕನ್ನಡವನ್ನೇ ಆಡು. ಶಾಲೆಯಿಂದ ಸೋತು ಬಂದ ದಿನ ಮಗುವಿಗೆ ಒಂದು ಭಾಷೆಯಾದರೂ ಪೂರ್ತಿ ತನ್ನದಾಗಿರಬೇಕು.

ಇವತ್ತು ರಾತ್ರಿ ಊಟ ಆದ ಮೇಲೆ ನೀನೂ ನಿಮ್ಮ ಯಜಮಾನರೂ ಕೂತು ಆ ವರ್ಷದ ಲೆಕ್ಕವನ್ನು ಬಾಯಿ ಬಿಟ್ಟು ಹೇಳಿಕೊಳ್ಳಿ. ಪುಟ್ಟಿಯನ್ನೂ ಜೊತೆಗೆ ಕೂರಿಸಿಕೊಳ್ಳಿ. ನಾನು ನನ್ನ ಮಗನನ್ನು ಕೇಳಲೇ ಇಲ್ಲ. ಮಧ್ಯೆ ಅವಳು ಬೆರಳು ಎತ್ತಿದರೆ, "ಹೋಗ್ಬಿಟ್ಟು ಬಾ" ಅನ್ನಬೇಡ. ಅವಳಿಗೆ ಹೇಳುವುದಿರುತ್ತದೆ.

ಚಿಕ್ಕವನಿಗೆ ಮುತ್ತು. ಅಮ್ಮನಿಗೆ ಕಾಲುನೋವಿನ ಎಣ್ಣೆ ತೆಗೆದುಕೊಟ್ಟು ಬಾ.

ನಿನ್ನ ದಾರಿ ಕಾಯುತ್ತಿರುವ
ಅಕ್ಕ