ಎಡಗಿವಿ, ಬಲಗಿವಿ

ಮುಧೋಳದ ಸೀಮೆಯಲ್ಲಿ ಕಬ್ಬು ಕಡಿಯುವ ಸುಗ್ಗಿ ತೊಡಗಿತೆಂದರೆ ಹಗಲಿಗೂ ರಾತ್ರಿಗೂ ಭೇದವಿರುವುದಿಲ್ಲ. ಘಟಪ್ರಭೆಯ ದಂಡೆಯ ಹೊಲಗಳಿಂದ ಹೊರಟ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡು, ಗಟ್ಟಿಯಾಗಿ ಹಾಡು ಹಚ್ಚಿಕೊಂಡು ಕಾರ್ಖಾನೆಯ ಕಡೆಗೆ ಸಾಲುಗಟ್ಟಿ ಸಾಗುತ್ತವೆ. ಊರ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕಣ್ಣು ಮುಚ್ಚಿ ಕುಳಿತ ಮುದುಕನು, “ಜಮಖಂಡಿ ದಾರೀಲಿಂದ ಒಂದು ಬಂತು ನೋಡು, ಲೋಕಾಪುರದ ಕಡೆ ಹೊಂಟೈತಿ” ಎಂದು ನಿಸ್ಸಂದೇಹವಾಗಿ ನುಡಿಯುತ್ತಾನೆ. ಎದ್ದು ನೋಡಿದರೆ ಅವನ ಮಾತು ನಿಜವಾಗಿರುತ್ತದೆ. ಕಾಣದ ವಸ್ತುವಿನ ದಿಕ್ಕು ಅವನಿಗೆ ಹೇಗೆ ತಿಳಿಯಿತು?

ಕಣ್ಣಿಗೆ ರೆಪ್ಪೆಯುಂಟು, ಕಿವಿಗಿಲ್ಲ. ಕಣ್ಣು ಎದುರಿನದನ್ನು ಮಾತ್ರ ಕಂಡರೆ, ಕಿವಿಯು ಬೆನ್ನ ಹಿಂದಿನದನ್ನೂ ಕಾಯುತ್ತದೆ. ಆದರೆ ಈ ಕಾವಲು ಒಂದು ಕಿವಿಯಿಂದ ಆಗತಕ್ಕದ್ದಲ್ಲ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಿಂದ ಚಲಿಸುತ್ತದೆ. ಬಲಗಡೆ ಹುಟ್ಟಿದ ಸದ್ದು ಮೊದಲು ಬಲಗಿವಿಯನ್ನು ಮುಟ್ಟಿ, ತಲೆಯನ್ನು ಬಳಸಿಕೊಂಡು ಎಡಗಿವಿಯನ್ನು ಸೇರಬೇಕು. ಈ ಗೇಣುದ್ದದ ಪ್ರಯಾಣಕ್ಕೆ ಹಿಡಿಯುವ ಕಾಲ, ಸೆಕೆಂಡನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಆರೇಳು ಪಾಲು ಮಾತ್ರ. ಅಷ್ಟು ಸೂಕ್ಷ್ಮವಾದ ಅಂತರವನ್ನು ಮೆದುಳು ಅಳೆಯುತ್ತದೆ. ಇದಲ್ಲದೆ, ತೀಕ್ಷ್ಣವಾದ ಸದ್ದುಗಳಿಗೆ ತಲೆಯೇ ಅಡ್ಡವಾಗಿ, ದೂರದ ಕಿವಿಯ ಮೇಲೆ ಒಂದು ಬಗೆಯ ನೆರಳು ಬೀಳುತ್ತದೆ. ಅಲ್ಲಿ ಸದ್ದು ತುಸು ಮೆತ್ತಗಾಗುತ್ತದೆ. ಕಾಲದ ಅಂತರ, ಬಲದ ಅಂತರ ಈ ಎರಡನ್ನೂ ಕೂಡಿಸಿ ದಿಕ್ಕನ್ನು ಅರಿಯುವ ಕ್ರಮವನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ 1907ರಲ್ಲಿ ವಿವರಿಸಿದನು. ಕಬ್ಬಿನ ಗದ್ದೆಯಲ್ಲಿ ಇಲಿ ಹಿಡಿಯುವ ಕಣಜಗೂಬೆ ಈ ವಿದ್ಯೆಯಲ್ಲಿ ಮನುಷ್ಯನನ್ನು ಮೀರಿಸಿದೆ. ಅದರ ಒಂದು ಕಿವಿ ಮೇಲೆ, ಒಂದು ಕೆಳಗೆ ಇರುವುದರಿಂದ ಎಡಬಲಗಳೊಡನೆ ಮೇಲುಕೆಳಗೂ ಅದಕ್ಕೆ ತಿಳಿಯುತ್ತದೆ. ಗಾಢಾಂಧಕಾರದಲ್ಲಿಯೂ ಅದರ ಎರಗು ತಪ್ಪುವುದಿಲ್ಲ.

ಈ ಮಾತು ಮುಧೋಳದ ಮಗನಾದ ಕವಿಯನ್ನು ನೆನಪಿಗೆ ತರುತ್ತದೆ. ಹತ್ತನೆಯ ಶತಮಾನದಲ್ಲಿ, ಅಂದಿನ ಮುದುವೊಳಲಿನಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ತನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ವೈಶಂಪಾಯನ ಸರೋವರದ ತಳದಲ್ಲಿ ಅಡಗಿಸಿಟ್ಟಿದ್ದಾನೆ. ದಡದ ಮೇಲೆ ಭೀಮನ ಗರ್ಜನೆ. ಅದನ್ನು ಕೇಳಿ, ತಣ್ಣೀರಿನಲ್ಲಿ ಮುಳುಗಿದ್ದರೂ ಕೌರವನ ಮೈ ಬೆವರುತ್ತದೆ. ಇದು ಕವಿಯ ಕಲ್ಪನೆಯ ಸೊಗಸು. ಆದರೆ ವಿಜ್ಞಾನ ಓದಿದವನಿಗೆ ಇಲ್ಲಿ ಇನ್ನೊಂದು ಭಯವೂ ಕಾಣುತ್ತದೆ. ನೀರಿನಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 1,500 ಮೀಟರ್, ಅಂದರೆ ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಎರಡು ಕಿವಿಗಳ ನಡುವಣ ಕಾಲದ ಅಂತರ ಕಾಲುಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ತಲೆಯ ನೆರಳೂ ಬಹುಮಟ್ಟಿಗೆ ಇಲ್ಲವಾಗುತ್ತದೆ. ಸದ್ದು ತಲೆಯೆಲುಬಿನ ಮೂಲಕವೇ ಒಳಹೊಗುತ್ತದೆ. ಮಡುವಿನಲ್ಲಿ ಈಜುವ ಹುಡುಗರು ಇದನ್ನು ಬಲ್ಲರು. ಮುಳುಗಿರುವಾಗ ಗೆಳೆಯನೊಬ್ಬ ನೀರೊಳಗೆ ಎರಡು ಕಲ್ಲುಗಳನ್ನು ತಟ್ಟಿದರೆ ಸದ್ದು ಎತ್ತಲಿಂದಲೂ ಬಾರದೆ ತಲೆಯೊಳಗೇ ಆದಂತೆ ಇರುತ್ತದೆ. ಹಾಗಾದರೆ ಕೌರವನಿಗೆ ಭೀಮನು ಒಂದು ದಡದಲ್ಲಿರಲಿಲ್ಲ. ಎಲ್ಲ ದಡಗಳಲ್ಲಿಯೂ ಇದ್ದನು. ಬೆವರಲು ಅಷ್ಟು ಸಾಲದೆ?

ದಿಕ್ಕೆಂಬುದು ಎರಡು ಕಿವಿಗಳ ವ್ಯತ್ಯಾಸದಿಂದ ಹುಟ್ಟುವುದಾದರೆ, ಆ ವ್ಯತ್ಯಾಸವನ್ನು ಯಂತ್ರದಿಂದಲೂ ಹುಟ್ಟಿಸಬಹುದಲ್ಲವೆ? 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಆದೇರ್ ಎಂಬಾತನು ಇದನ್ನು ಮಾಡಿ ತೋರಿಸಿದನು. ನಾಟಕಶಾಲೆಯ ರಂಗದ ಎಡಬಲಗಳಿಂದ ಬೇರೆ ಬೇರೆ ತಂತಿಗಳನ್ನು ತಂದು, ಕೇಳುವವರ ಎರಡು ಕಿವಿಗಳಿಗೆ ಎರಡು ಟೆಲಿಫೋನುಗಳನ್ನು ಕೊಟ್ಟನು. ರಂಗವನ್ನು ಕಾಣದೆಯೇ ಗಾಯಕರು ಎತ್ತಣಿಂದ ಎತ್ತ ನಡೆದರೆಂದು ಅವರು ಅರಿತರು. 1931ರಲ್ಲಿ ಲಂಡನ್ನಿನ ಎಂಜಿನಿಯರ್ ಆಲನ್ ಬ್ಲೂಮ್ಲೀನ್ ಎರಡು ಧ್ವನಿವಾಹಿನಿಗಳ ಪೂರ್ಣ ವಿಧಾನಕ್ಕೆ ಪೇಟೆಂಟ್ ಕೋರಿದನು. ಪರದೆಯ ಮೇಲೆ ನಟನು ಒಂದು ಕಡೆಗೆ ಹೋದರೆ ದನಿಯು ಇನ್ನೊಂದು ಕಡೆಯಿಂದ ಬರುವ ಅಂದಿನ ಚಲನಚಿತ್ರಗಳ ಕೊರತೆ ಅವನಿಗೆ ಸಹಿಸಲಿಲ್ಲವಂತೆ. ಕರ್ನಾಟಕದ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ಯ 70 ಮಿ.ಮೀ. ಪ್ರತಿಗಳಲ್ಲಿ ಇಂಥ ಧ್ವನಿಯಿತ್ತು. ಡೇರೆಯ ಟಾಕೀಸುಗಳಲ್ಲಿ ಚಿತ್ರ ನೋಡಿದವರಿಗೆ ಮಾತ್ರ ಕುದುರೆಗಳೆಲ್ಲ ಒಂದೇ ಡಬ್ಬಿಯಿಂದ ಓಡಿಬಂದವು.

ಇಂದು ಆ ಕೆಲಸ ತಂತಿಗಿಂತ ಹೆಚ್ಚಾಗಿ ಅಂಕಿಗಳಿಂದ ನಡೆಯುತ್ತದೆ. ಗಣಕವು ಶಬ್ದವನ್ನು ಅಂಕಿಗಳ ಸಾಲಾಗಿ ಬರೆದಿಡುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯಲ್ಲಿ ಒಂದು ಸೆಕೆಂಡಿನ ಸದ್ದಿಗೆ ಒಂದೊಂದು ಕಿವಿಗೂ 44,100 ಅಂಕಿಗಳು. ಎರಡು ಕಿವಿಗಳ ಸಾಲುಗಳನ್ನು ಬೇರೆಬೇರೆಯಾಗಿ ಇಡದೆ ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೊಂದು, ಬಲಕ್ಕೊಂದು ಎಂದು ಹೆಣೆದಿಡುವುದು ರೂಢಿ. ರಬಕವಿ-ಬನಹಟ್ಟಿಯ ನೇಕಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹಾಸಿನಲ್ಲಿ ಒಂದು ಕೆಂಪೆಳೆ, ಒಂದು ಬಿಳಿಯೆಳೆ ಜೋಡಿಸಿದಂತೆಯೇ ಇದು. ಬಿಳಿಯ ಎಳೆಗಳ ಜಾಗದಲ್ಲೆಲ್ಲ ಸೊನ್ನೆಯನ್ನು ಬರೆ ಎಂದು ಕೋಡ್‌ನಲ್ಲಿ ಆಜ್ಞಾಪಿಸಿದರೆ ಬಲಗಡೆಯ ಸ್ಪೀಕರು ಮೌನವಾಗುತ್ತದೆ, ಎಡಗಡೆಯದು ಮಾತ್ರ ನುಡಿಯುತ್ತದೆ. ಎಣಿಕೆಯಲ್ಲಿ ಒಂದೇ ಒಂದು ಅಂಕಿ ಜಾರಿತೋ, ಎಡಬಲಗಳು ಅದಲುಬದಲು! ಎರಡು ಕಿವಿಗೂ ಒಂದೇ ಸದ್ದನ್ನು ಕೊಟ್ಟು, ಬಲದ್ದನ್ನು ಸುಮಾರು 26 ಅಂಕಿಗಳಷ್ಟು ತಡಮಾಡಿದರೆ ಸದ್ದು ಎಡಗಡೆಯಿಂದ ಬಂದಂತೆ ಭಾಸವಾಗುತ್ತದೆ. ಸೆಕೆಂಡಿನ ಹತ್ತು ಸಾವಿರದ ಆರು ಪಾಲೆಂದರೆ ಈ 26 ಅಂಕಿಗಳೇ. ಆದರೆ ಈ ಪ್ರಯೋಗಕ್ಕೆ ಹೆಡ್‌ಫೋನ್ ಬೇಕು. ಮೇಜಿನ ಮೇಲಿನ ಸ್ಪೀಕರು ಎಡದ್ದಾದರೂ ಅದರ ಸದ್ದು ಎರಡು ಕಿವಿಗಳಿಗೂ ಹೋಗುತ್ತದೆ.

ಮುಧೋಳ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿದ್ದನು. ಕರೆದರೆ ಒಮ್ಮೆಗೇ ತಿರುಗುತ್ತಿರಲಿಲ್ಲ. ತಿರುಗಿದರೂ ಕರೆದವರ ಕಡೆಗಲ್ಲ. ಕಬಡ್ಡಿಯಲ್ಲಿ ಹಿಂದಿನಿಂದ ಕೂಗಿದ ಎಚ್ಚರಿಕೆ ಅವನನ್ನು ಗೊಂದಲಕ್ಕೆ ತಳ್ಳುತ್ತಿತ್ತು. ಗದ್ದಲದ ತರಗತಿಯಲ್ಲಿ ಹೇಳಿದ್ದು ಅರ್ಧ ಮಾತ್ರ ಅವನಿಗೆ ಮುಟ್ಟುತ್ತಿತ್ತು. ಲಕ್ಷ್ಯವಿಲ್ಲದವನು, ಉಡಾಫೆಯವನು ಎಂಬ ಹೆಸರು ಅವನಿಗೆ ಅಂಟಿಕೊಂಡಿತು. ಅವನೂ ಅದನ್ನು ನಂಬಿದ್ದನು. ಬಲಗಡೆಯ ಗೋಡೆಗೆ ಹತ್ತಿದ ಜಾಗವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಏಕೆಂದು ಕೇಳಿದರೆ ಅವನಿಗೇ ಗೊತ್ತಿರಲಿಲ್ಲ.

ಒಂದು ದಿನ ಗಣಕದ ಪಾಠದಲ್ಲಿ ಶಿಕ್ಷಕರು ನಾಲ್ಕು ಸಾಲಿನ ಪ್ರೋಗ್ರಾಂ ಬರೆಯಿಸಿದರು. ಮೊದಲು ಎಡಕ್ಕೆ ಒಂದು ಗಂಟೆಯ ಸದ್ದು, ಬಳಿಕ ಬಲಕ್ಕೆ ಒಂದು. ಎಲ್ಲರೂ ಸರದಿಯ ಮೇಲೆ ಹೆಡ್‌ಫೋನ್ ಹಾಕಿಕೊಂಡು ನಕ್ಕರು. ಈ ಹುಡುಗನು, “ಬಲಗಡೀದು ಕೇಳವಲ್ದ್ರಿ ಸರ್, ವಾಯರ್ ಕಡದೈತಿ” ಎಂದನು. ಪಕ್ಕದವನು ಹಾಕಿಕೊಂಡು ನೋಡಿ, ಎರಡೂ ಸರಿಯಾಗಿವೆ ಎಂದನು. ಶಿಕ್ಷಕರು ಹೆಡ್‌ಫೋನನ್ನು ತಿರುಗಿಸಿ, ಎಡದ ಬಟ್ಟಲು ಬಲಗಿವಿಗೆ ಬರುವಂತೆ ಅವನಿಗೆ ತೊಡಿಸಿದರು. “ಈಗ ಎಡಗಡೀದು ಕೇಳವಲ್ದ್ರಿ” ಎಂದನು. ದೋಷವು ತಂತಿಯಲ್ಲಿದ್ದರೆ ತಂತಿಯೊಡನೆ ಅದೂ ಬದಿ ಬದಲಿಸಬೇಕಿತ್ತು. ಅದು ಕದಲದೆ ಹುಡುಗನ ಬಲಗಡೆಯಲ್ಲಿಯೇ ಉಳಿಯಿತು. ನಗುತ್ತಿದ್ದ ತರಗತಿ ತಾನಾಗಿಯೇ ಸುಮ್ಮನಾಯಿತು. ಒಂದೇ ಕಿವಿಯಿಂದ ಕೇಳುವವನಿಗೆ ಒಣನೆಲವೂ ವೈಶಂಪಾಯನ ಸರೋವರವೇ. ಸದ್ದು ಇದೆ, ದಿಕ್ಕಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಆ ದಾರಿಯಲ್ಲಿ ಅವನು ದಿನವೂ ಸಂಜೆಗತ್ತಲೆಯಲ್ಲಿ ಸೈಕಲ್ಲು ತುಳಿಯುತ್ತಿದ್ದನು.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ಅವನನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸಿದರು. ಅಲ್ಲಿಯ ಯಂತ್ರವೂ ಮಾಡುವುದು ಶಾಲೆಯ ಆ ನಾಲ್ಕು ಸಾಲಿನ ಕೆಲಸವನ್ನೇ. ಅಳತೆ ಮಾತ್ರ ನಿಖರ. 250ರಿಂದ 8,000 ಹರ್ಟ್ಸ್‌ವರೆಗಿನ ಸ್ವರಗಳನ್ನು ಒಂದೊಂದಾಗಿ, ಒಂದು ಕಿವಿಗೆ ಮಾತ್ರ, ಸಣ್ಣದರಿಂದ ದೊಡ್ಡದಕ್ಕೆ ಏರಿಸುತ್ತಾರೆ. ಬಲವಾದ ಸದ್ದು ತಲೆಯೆಲುಬಿನ ಮೂಲಕ ಹಾಯ್ದು ಒಳ್ಳೆಯ ಕಿವಿಗೆ ಕೇಳಿಬಿಟ್ಟರೆ ಲೆಕ್ಕ ತಪ್ಪುವುದರಿಂದ, ಆ ಕಿವಿಗೆ ಮಳೆ ಸುರಿದಂಥ ಶರ್ ಎಂಬ ಸದ್ದನ್ನು ತುಂಬಿ ಅದನ್ನು ತಡೆಯುತ್ತಾರೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆಗಳಲ್ಲಿ ಈ ವಿದ್ಯೆಯನ್ನು ಕಲಿಸುತ್ತಾರೆ. ಹುಡುಗನ ಕಾಗದದ ಮೇಲೆ ಎಡಗಿವಿಯ ನೀಲಿ ಗುಣಾಕಾರಗಳು ಮೇಲುಗಡೆ ಸಾಲಾಗಿ ನಿಂತವು. ಬಲಗಿವಿಯ ಕೆಂಪು ಸೊನ್ನೆಗಳು ತಳಕ್ಕೆ ಇಳಿದವು. ಐದನೆಯ ವರ್ಷದಲ್ಲಿ ಮಗನಿಗೆ ಮಂಗನಬಾವು ಬಂದಿತ್ತೆಂದು ತಾಯಿ ನೆನೆದಳು. ಅದರಿಂದಲೇ ಆಗಿರಬಹುದು, ಹಾಗೆ ಹೋದ ಕಿವಿ ಔಷಧದಿಂದ ಮರಳುವುದಿಲ್ಲ, ಉಳಿದುದನ್ನು ಜೋಪಾನ ಮಾಡಿರಿ ಎಂದು ವೈದ್ಯರು ಹೇಳಿದರು. ದಾರಿಯಲ್ಲಿ ಸೈಕಲ್ಲಿನಿಂದ ಇಳಿದು ಎರಡೂ ಕಡೆ ನೋಡಬೇಕೆಂದೂ ಶಾಲೆಯಲ್ಲಿ ಬಲಗೋಡೆಯ ಜಾಗವನ್ನೇ ಕೊಡಬೇಕೆಂದೂ ಚೀಟಿ ಬರೆದುಕೊಟ್ಟರು.

ಮರಳಿ ಬರುವಾಗ ಬಸ್ಸಿನಲ್ಲಿ ತಾಯಿಯು ಮಗನ ಬಲಗಡೆ ಕುಳಿತು ಏನೇನೋ ಹೇಳುತ್ತಿದ್ದಳು. ಹುಡುಗನು ಎಂದಿನಂತೆ ತಲೆಯಾಡಿಸುತ್ತಿದ್ದನು. ಲೋಕಾಪುರ ದಾಟಿದ ಮೇಲೆ ಅವನು ತಟ್ಟನೆ, “ಅವ್ವಾ, ನೀ ಈ ಕಡೆ ಬಂದು ಕೂಡು” ಎಂದನು. ಆಕೆ ಎದ್ದು ಅವನ ಎಡಕ್ಕೆ ಬಂದು ಕುಳಿತು, ಬಾಗಲಕೋಟೆಯಿಂದ ಹೇಳಿಕೊಂಡು ಬಂದುದನ್ನೆಲ್ಲ ಮತ್ತೆ ಮೊದಲಿನಿಂದ ಹೇಳತೊಡಗಿದಳು.