ಐದೇ ಸೆಕೆಂಡು

ನೆಟ್ ನಿಧಾನ ಎಂದು ಯಾರಾದರೂ ಗೊಣಗಿದರೆ ನನಗೆ ಒಳಗೊಳಗೇ ಖುಷಿ. ಆ ನಿಧಾನಕ್ಕೊಂದು ಲೆಕ್ಕವೂ ಇದ್ದರೆ ರಾತ್ರಿ ಊಟ ನೆನಪಾಗುವುದಿಲ್ಲ.

ಮನೆಗೆ ಹೊಸ ರೌಟರ್ ಬಂದ ವಾರ. ಡೆಬಿಯನ್ ಹಾಕಿದ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಕರ್ಲ್ ಎಂದು ಬರೆದು, ತಾಣದ ಹೆಸರು ಕೊಟ್ಟು ಎಂಟರ್ ಒತ್ತಿದರೆ ಕರ್ಸರ್ ಸುಮ್ಮನೆ ಮಿಣುಕುತ್ತಿತ್ತು. ಆಮೇಲೆ ಕಟ್ಟೆಯೊಡೆದಂತೆ ಇಡೀ ಪುಟ ದಬದಬ ಸುರಿಯುತ್ತಿತ್ತು. ಹೊತ್ತು ಅಳೆದೆ: 5.02 ಸೆಕೆಂಡು. ಇನ್ನೊಂದು ಸಲ: 5.01.

ಜಾಲದ ನೂಕುನುಗ್ಗಲಿನಿಂದಾಗುವ ತಡಕ್ಕೆ ಇಂಥ ಶಿಸ್ತು ಇರುವುದಿಲ್ಲ. ಲಿನಕ್ಸ್‌ನಲ್ಲಿ ತಾಣದ ವಿಳಾಸ ವಿಚಾರಿಸುವ ಭಾಗ ಒಂದು ಉತ್ತರಕ್ಕೆ ಕಾಯುವ ಅವಧಿ, ನಾವಾಗಿ ಬದಲಿಸದಿದ್ದರೆ, ಸರಿಯಾಗಿ 5 ಸೆಕೆಂಡು. ಕಳ್ಳ ಹೆಜ್ಜೆಗುರುತು ಬಿಟ್ಟುಹೋಗಿದ್ದ.

ತಾಣದ ವಿಳಾಸವನ್ನಷ್ಟೇ ವಿಚಾರಿಸುವ ಡಿಗ್ ಎಂಬ ಸಲಕರಣೆ ಹಾಕಿ ಕೇಳಿದೆ. 9 ಮಿಲಿಸೆಕೆಂಡಿನಲ್ಲಿ ಉತ್ತರ! ನನಗೆ ಇಲ್ಲಿಂದಲೇ ರುಚಿ ಹತ್ತುವುದು. ಅದೇ ರೌಟರ್, ಅದೇ ಹೆಸರು, ಡಿಗ್‌ಗೆ ಮಾತ್ರ ಯಾಕಿಷ್ಟು ಮರ್ಯಾದೆ?

‘ನನ್ನ ಫೋನಿನಲ್ಲಿ ಎಲ್ಲಾ ಸರಿಯಾಗೇ ಬರ್ತಿದೆಯಲ್ರೀ, ನಿಮ್ಮ ಲ್ಯಾಪ್‌ಟಾಪಿಗೇ ವಯಸ್ಸಾಗಿದೆ’ ಎಂದಳು ಹೆಂಡತಿ. ಅವಳ ಪಾಲಿಗೆ ಅದು ತೀರ್ಪು, ನನಗೆ ಸಾಕ್ಷ್ಯ.

ಜಾಲದಲ್ಲಿ ಹೋಗಿಬರುವುದನ್ನೆಲ್ಲ ತೋರಿಸುವ ಟಿಸಿಪಿಡಂಪ್ ತೆರೆದು, ವಿಳಾಸದ ಪ್ರಶ್ನೋತ್ತರ ನಡೆಯುವ 53ನೇ ಪೋರ್ಟಿನ ಮೇಲೆ ಕಣ್ಣಿಟ್ಟು ಕೂತೆ. ಕೆರೆ ದಂಡೆಯಲ್ಲಿ ಗಾಳ ಹಾಕಿ ಕೂತವರಿಗೆ ಈ ಸುಖ ಗೊತ್ತಿರುತ್ತದೆ. ಕರ್ಲ್ ಕೊಟ್ಟ ಕೂಡಲೇ ಕಪ್ಪು ಪರದೆಯಲ್ಲಿ ಎರಡು ಸಾಲು ಮೂಡಿದವು: ಒಂದು ಐಪಿವಿ4 ವಿಳಾಸ ಕೇಳುವ ‘ಎ’, ಬೆನ್ನಿಗೇ ಐಪಿವಿ6 ವಿಳಾಸ ಕೇಳುವ ‘ಕ್ವಾಡ್-ಎ’. ಬಂದ ಉತ್ತರ ಮಾತ್ರ ಒಂದೇ. ಆಮೇಲೆ ಮೌನ. ಲ್ಯಾಪ್‌ಟಾಪ್ ಐದು ಸೆಕೆಂಡು ಕಾದು, ಈ ಸಲ ಒಂದಾದ ಮೇಲೆ ಒಂದರಂತೆ ಕೇಳಿತು. ಎರಡಕ್ಕೂ ಉತ್ತರ ಬಂತು.

ನಮ್ಮ ರೌಟರ್ ಮಹಾಶಯ, ಯಾರಾದರೊಬ್ಬರು ಒಟ್ಟಿಗೆ ಎರಡು ಅರ್ಜಿ ತಂದರೆ ಒಂದನ್ನು ನುಂಗಿಬಿಡುವ ಗುಮಾಸ್ತ. ಡಿಗ್ ಕೇಳುವುದು ಒಂದೇ ಪ್ರಶ್ನೆ, ಹಾಗಾಗಿ ಅದಕ್ಕೆ ಕಾಟವಿಲ್ಲ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಹೆಸರು ಕೊಟ್ಟು ವಿಳಾಸ ಕೇಳುವ ಈ ವ್ಯವಸ್ಥೆ ರೂಪಿಸುವ ಮುಂಚೆ ಜಾಲದ ಹೆಸರುಗಳೆಲ್ಲ ಒಂದೇ ಕಡತದಲ್ಲಿದ್ದವು, ಎಲ್ಲರೂ ಅದರ ಪ್ರತಿ ಇಳಿಸಿಕೊಳ್ಳುತ್ತಿದ್ದರು. ಪಾಪ, ಆಗಿನವರಿಗೆ ಈ ಮಜಾ ಎಲ್ಲಿತ್ತು?

ಮದ್ದು ಒಂದೇ ಸಾಲು. ರಿಸಾಲ್ವ್.ಕಾನ್ಫ್ ಕಡತದಲ್ಲಿ ‘ಆಪ್ಷನ್ಸ್ ಸಿಂಗಲ್-ರಿಕ್ವೆಸ್ಟ್’ ಎಂದು ಸೇರಿಸಿದೆ. ಒಂದಕ್ಕೆ ಉತ್ತರ ಬಂದ ಮೇಲೆ ಇನ್ನೊಂದನ್ನು ಕೇಳು ಎಂದು ಅದರರ್ಥ. ಎಂಟರ್ ಒತ್ತಿದ ಬೆರಳು ಎತ್ತುವಷ್ಟರಲ್ಲಿ ಪುಟ ಹಾಜರ್.

ಗಂಟೆ ಒಂದೂವರೆ. ಮನೆಯಲ್ಲಿ ಎಲ್ಲರೂ ಮಲಗಿದ್ದರು, ತೋರಿಸೋಣವೆಂದರೆ ಯಾರೂ ಇಲ್ಲ. ಆ ಸಾಲನ್ನು ಅಳಿಸಿ, ಮತ್ತೆ ಕರ್ಲ್ ಕೊಟ್ಟು, ಮಿಣುಕುವ ಕರ್ಸರನ್ನೇ ನೋಡುತ್ತ ಐದರವರೆಗೆ ಎಣಿಸಿದೆ.